ಸಂಪಿಗೆಗೆ ಗೂಟಿ ಕಟ್ಟಿದ ವರ್ಷ

ಜೂನ್ 1, ಭಾನುವಾರ

ಶಾಂಪೂ ಕಂಪನಿಯವನು ಜನವರಿಯಲ್ಲಿ ಕೊಟ್ಟುಹೋದ ಡೈರಿ ಇದು. ಇಷ್ಟು ದಿನ ಅಂಗಡಿಯ ದೊಡ್ಡ ಕನ್ನಡಿ ಅಲುಗಾಡದಂತೆ ಅದರ ಹಿಂದೆ ಸಿಕ್ಕಿಸಿಟ್ಟಿದ್ದೆ. ಇವತ್ತು ಹೊರಗೆ ತೆಗೆದಿದ್ದೇನೆ. ಕನ್ನಡಿ ಈಗ ನಡುಗುತ್ತಿದೆ. ಗಿರಾಕಿಗಳಿಗೆ ಒಂದು ಮುಖ ಎರಡಾಗಿ ಕಾಣುತ್ತದಂತೆ. ಹಾಗಾದರೆ ಎರಡು ಕ್ಷೌರದ ದುಡ್ಡು ಕೊಡಿ ಎಂದೆ.

ದಿನವಿಡೀ ಮಾತಾಡುವ ಕಸುಬು ನನ್ನದು. ಅಂಗಡಿ ಮುಚ್ಚಿ ಒಳಬಾಗಿಲು ದಾಟಿದರೆ ಮಾತಾಡಲು ಯಾರೂ ಇಲ್ಲ. ಮುಂದೆ ಅಂಗಡಿ, ಅದರ ಬೆನ್ನಿಗೆ ಅಡುಗೆಮನೆ, ಆಮೇಲೆ ಮಲಗುವ ಕೋಣೆ, ಕೊನೆಗೆ ಹಿತ್ತಲು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಇವಳು, ನನ್ನ ಹೆಂಡತಿ, ಮನೆ ಬಿಟ್ಟು ಹೋಗಿ ತಿಂಗಳಾಯಿತು. ಬಸ್ಸಿನಲ್ಲಿ ಒಂದು ಗಂಟೆ ದೂರದ ಊರಿನಲ್ಲಿ ಅವಳ ಅಕ್ಕನ ಮನೆ ಇದೆ. ಅಲ್ಲೇ ಸಮವಸ್ತ್ರ ಹೊಲಿಯುವ ಕಡೆ ಕೆಲಸಕ್ಕೆ ಸೇರಿದ್ದಾಳೆ.

ಕಾರಣ ಒಂದು ತಮಾಷೆ. ಹಿತ್ತಲಲ್ಲಿ ಇವಳೇ ಬೀಜ ಹಾಕಿ ಬೆಳೆಸಿದ ಸಂಪಿಗೆ ಇದೆ. ಹತ್ತು ವರ್ಷವಾದರೂ ಹೂಬಿಟ್ಟಿರಲಿಲ್ಲ. ನಮಗೆ ಮಕ್ಕಳೂ ಇಲ್ಲ. ಗಿರಾಕಿಯೊಬ್ಬರು ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡೇ, "ಏನಣ್ಣ, ನಿಮ್ಮ ಸಂಪಿಗೆ ಹೂ ಬಿಡ್ತಾ?" ಎಂದು ಕೇಳಿದರು. "ಎಲ್ಲಿ ಸಾರ್, ನಮ್ಮನೇಲಿ ಎರಡೂ ಒಂದೇ ಜಾತಿ. ನೀರು ಕುಡಿಯೋದು ಗೊತ್ತು, ಹೂವಿಲ್ಲ ಕಾಯಿಲ್ಲ" ಎಂದೆ. ಇಡೀ ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈಗಲೂ ಅದು ಒಳ್ಳೆಯ ತಮಾಷೆಯೇ ಎಂದು ನನ್ನ ಅಭಿಪ್ರಾಯ.

ಸಂಜೆ ಒಳಗೆ ಹೋದರೆ ಇವಳು ಚೀಲ ತುಂಬುತ್ತಿದ್ದಳು. "ಇಪ್ಪತ್ತು ವರ್ಷದಿಂದ ಗೋಡೆಯಾಚೆ ಕೂತು ಕೇಳ್ಸ್ಕೊಂಡಿದೀನಿ. ಇನ್ನು ಆಗಲ್ಲ" ಎಂದಳು, ಅಷ್ಟೆ. ನಾನು ಬಾಗಿಲು ಬಿಟ್ಟು ಸರಿದು ನಿಂತೆ.

ಭಾನುವಾರ ಬಂದರೆ ಮನೆ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ ಮರಕ್ಕೆ ನೀರು ಹಾಕಿ ಹೋಗುತ್ತಾಳೆ. ಭಾನುವಾರ ನನಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ, ಬೇರೆಯವರ ತಲೆಗಳೇ ಸಾಲುಗಟ್ಟಿರುತ್ತವೆ. ಅದು ಗೊತ್ತಿದ್ದೇ ಬರುತ್ತಾಳೆ. ಇವತ್ತೂ ಬಕೆಟ್ಟಿನ ಸದ್ದು ಕೇಳಿಸಿತು. ಕೈಯಲ್ಲಿದ್ದ ತಲೆ ಅರ್ಧವಾಗಿತ್ತು, ಬಿಟ್ಟು ಹೋಗುವಂತಿರಲಿಲ್ಲ.

ಜೂನ್ 8, ಭಾನುವಾರ

ಮರ ಹೂಬಿಟ್ಟಿದೆ. ತಮಾಷೆಯಲ್ಲ, ನಿಜವಾಗಿಯೂ ಬಿಟ್ಟಿದೆ.

ಗುರುವಾರವೇ ಹಿತ್ತಲ ಬಾಗಿಲು ತೆರೆದಾಗ ವಾಸನೆ ಬಂದಿತ್ತು. ಯಾರೋ ಗಿರಾಕಿ ಹಾಕಿಕೊಂಡ ಸೆಂಟು ನನ್ನ ಅಂಗಿಗೆ ಅಂಟಿದೆ ಎಂದುಕೊಂಡೆ. ಮೇಲೆ ನೋಡಿದರೆ ಎಲೆಗಳ ನಡುವೆ ಹಳದಿ ಮೊಗ್ಗು, ಒಂದಲ್ಲ, ಕೊಂಬೆ ಕೊಂಬೆಗೂ. ಹತ್ತು ವರ್ಷ ಕಾದವಳು ಹೋದಮೇಲೆ ಇದಕ್ಕೆ ಬುದ್ಧಿ ಬಂತು. ಫೋನು ಮಾಡೋಣ ಅನಿಸಿತು. ಮಾಡಲಿಲ್ಲ. ತಾನಾಗಿ ನೋಡಲಿ ಎಂದು ಭಾನುವಾರದವರೆಗೆ ಸುಮ್ಮನಿದ್ದೆ.

ಇವತ್ತು ಬಕೆಟ್ಟಿನ ಸದ್ದು ಬರಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಬಾಗಿಲ ಹತ್ತಿರ ಬಂದು ನಿಂತು, "ಒಂದ್ನಿಮಿಷ ಬರ್ತೀರಾ?" ಎಂದಳು. ಅಂಗಡಿಯಲ್ಲಿದ್ದವರೆಲ್ಲ ಪೇಪರು ಓದುವವರ ಹಾಗೆ ನಟಿಸಿದರು. ನಾನು ಕತ್ತರಿ ಕೈಯಲ್ಲೇ ಹಿಡಿದು ಹಿತ್ತಲಿಗೆ ಹೋದೆ. ಅವಳ ಕಣ್ಣು ಕೆಂಪಾಗಿತ್ತು.

"ಈ ಮರ ನನಗೆ ಬೇಕು."

"ತಗೋ. ಬಸ್ಸಿನ ಟಾಪಿಗೆ ಹಾಕ್ಸ್ತೀಯಾ, ಇಲ್ಲ ಮಡಿಲಲ್ಲೇ ಕೂರಿಸ್ಕೋತೀಯಾ?"

ಅವಳು ನಗಲಿಲ್ಲ. "ನರ್ಸರೀಲಿ ಕೇಳಿದೀನಿ. ಗೂಟಿ ಕಟ್ಟಿದ್ರೆ ಕೊಂಬೆ ಮರದಲ್ಲಿದ್ದಾಗಲೇ ಬೇರು ಬರುತ್ತಂತೆ. ಆಮೇಲೆ ಕತ್ತರಿಸ್ಕೊಂಡು ನೆಡಬಹುದು. ಅದೇ ಮರ ಆಗುತ್ತೆ, ಬೇಗ ಹೂನೂ ಬಿಡುತ್ತೆ. ಸುತ್ತ ಸಿಪ್ಪೆ ತೆಗೀಬೇಕು, ಕೈ ನಡುಗಬಾರದು. ನೀವು ಕಟ್ಟಿಕೊಡಿ."

"ಬೀಜ ಹಾಕ್ಕೊಂಡ್ರೆ ಆಗಲ್ವಾ?"

"ಇನ್ನೊಂದ್ಸಲ ಹತ್ತು ವರ್ಷ ಕಾಯೋ ಶಕ್ತಿ ನನಗಿಲ್ಲ."

ಈ ಬೀಜ ಬಂದದ್ದು ಅವಳ ಅಮ್ಮನ ಮನೆಯ ಮರದಿಂದ. ಅಮ್ಮ ಹೋದರು, ಮನೆ ಮಾರಾಟವಾಯಿತು, ಕೊಂಡವರು ಮರ ಕಡಿದು ಅಲ್ಲಿ ಕಾರು ನಿಲ್ಲಿಸುತ್ತಾರೆ. ಆ ಮರದ್ದೆಂದು ಉಳಿದಿರುವುದು ಇದೊಂದೇ.

"ಬೇರು ಬಂದ್ರೆ?" ಎಂದೆ.

"ತಗೊಂಡು ಹೋಗ್ತೀನಿ. ಆಮೇಲೆ ಇಲ್ಲಿಗೆ ಬರೋ ಕೆಲಸ ಇರಲ್ಲ."

ಆಗಲಿ ಎಂದೆ. ಅಂಗಡಿಗೆ ವಾಪಸ್ಸು ಬಂದಾಗ ಕುರ್ಚಿಯಲ್ಲಿದ್ದವರ ಕತ್ತಿನ ಮೇಲೆ ಸೋಪು ಒಣಗಿ ಬಿಳಿ ಪುಡಿಯಾಗಿತ್ತು.

ಜೂನ್ 17, ಮಂಗಳವಾರ

ಅಂಗಡಿಗೆ ರಜೆ. ನರ್ಸರಿಯಮ್ಮನ ಹತ್ತಿರ ಹೋಗಿ ಒದ್ದೆ ಪಾಚಿ, ಬೇರು ಬರಿಸುವ ಪುಡಿ, ಪ್ಲಾಸ್ಟಿಕ್ ಹಾಳೆ ತಂದೆ. ಆಕೆ ಗಟ್ಟಿಗಿತ್ತಿ, ಮಾತು ಕಡಿಮೆ. ನಾನು ಹೇಳಿದ ಎರಡು ತಮಾಷೆಗೂ ಚಿಲ್ಲರೆ ಎಣಿಸುತ್ತಲೇ ಇದ್ದರು.

ಕೆಲಸ ಸುಲಭದ್ದೇ. ಹೆಬ್ಬೆರಳು ದಪ್ಪದ ಕೊಂಬೆ ಆರಿಸಿ, ಎರಡು ಬೆರಳಗಲ ಸುತ್ತ ಸಿಪ್ಪೆ ತೆಗೆದು, ಪುಡಿ ಸವರಿ, ಹಿಂಡಿದ ಪಾಚಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟುವುದು. ಸ್ಟೂಲಿನ ಮೇಲೆ ನಿಂತು ನನ್ನ ಹಳೆಯ ಕ್ಷೌರದ ಕತ್ತಿಯಿಂದಲೇ ತೆಗೆದೆ. ಎಷ್ಟು ನುಣುಪಾಗಿ ಬಂತೆಂದರೆ ಕೊಂಬೆಗೂ ಪಟಿಕ ಸವರಿ, ಕನ್ನಡಿ ತೋರಿಸಿ, "ಹೇಗಿದೆ ಸಾರ್?" ಎಂದು ಕೇಳೋಣ ಅನಿಸಿತು. ಒಂದಿಷ್ಟೂ ಗಾಯವಾಗಲಿಲ್ಲ.

ಗಂಟು ಹಾಕುವಾಗ ಮಾತ್ರ ಯೋಚನೆ ಬಂತು. ಇದು ಫಲಿಸಿದರೆ ಇವಳು ಬರುವುದು ನಿಲ್ಲುತ್ತದೆ. ನನ್ನ ಕೈಯಿಂದಲೇ ಇವಳಿಗೆ ಬೀಳ್ಕೊಡುಗೆ ಸಿದ್ಧ ಮಾಡುತ್ತಿದ್ದೇನೆ. ಆದರೂ ಗಂಟು ಬಿಗಿಯಾಗಿಯೇ ಹಾಕಿದೆ. ಸಡಿಲ ಗಂಟು ಹಾಕಿ ಅಭ್ಯಾಸವಿಲ್ಲ.

ಜುಲೈ 6, ಭಾನುವಾರ

ಇವತ್ತು ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿದೆ. ಭಾನುವಾರ ಬಾಗಿಲೆಳೆದ ಕ್ಷೌರಿಕ ಈ ಬೀದಿಯ ಇತಿಹಾಸದಲ್ಲೇ ಇಲ್ಲ. ಮೀಸೆಯವರು ಹೊರಗೆ ನಿಂತು ಶಟರು ತಟ್ಟಿದರು. ನಿವೃತ್ತ ಹೆಡ್‌ಕ್ಲಾರ್ಕು, ವಾರಕ್ಕೊಮ್ಮೆ ಮೀಸೆಯ ತುದಿ ಸರಿಮಾಡಿಸಲು ಬರುತ್ತಾರೆ, ಮಾಡಿಸುವುದು ಒಂದು ಕಡೆ, ಹರಟೆ ಒಂದು ಕಡೆ. "ಏನಪ್ಪಾ, ಹುಷಾರಿಲ್ವಾ?" ಎಂದರು. "ಮರಕ್ಕೆ ಹೆರಿಗೆ ನೋವು ಸಾರ್, ಸೂಲಗಿತ್ತಿ ನಾನೇ" ಎಂದೆ. ನಕ್ಕು ಹೋದರು.

ಇವಳು ಬಂದು ಸ್ಟೂಲು ಹತ್ತಿ ಪೊಟ್ಟಣ ಮುಟ್ಟಿ ನೋಡಿದಳು. ನಾನು ಟೀ ಮಾಡಿ ಕೊಟ್ಟೆ. ಸಕ್ಕರೆ ಹೆಚ್ಚಾಯಿತು ಎಂದಳು, ಆದರೂ ಪೂರ್ತಿ ಕುಡಿದಳು.

ಜುಲೈ 27, ಭಾನುವಾರ

ಈಗ ಪ್ರತಿ ಭಾನುವಾರ ಹಿತ್ತಲ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತೇವೆ. ಅವಳ ಕೆಲಸದ ಕಡೆ ಗಂಟೆಗಟ್ಟಲೆ ಕಾಲರು ಮಾತ್ರ ಹೊಲಿಯಬೇಕಂತೆ. "ಇಡೀ ಅಂಗಿ ಹೇಗಿರುತ್ತೆ ಅಂತಾನೇ ನೋಡಿಲ್ಲ" ಎಂದಳು. "ನಾನೂ ಅಷ್ಟೇ, ಕತ್ತಿಂದ ಕೆಳಗೆ ಯಾವ ಮನುಷ್ಯನನ್ನೂ ನೋಡಿಲ್ಲ" ಎಂದೆ. ಜೋರಾಗಿ ನಕ್ಕಳು. ಮೇ ತಿಂಗಳಿನಿಂದ ಈಚೆಗೆ ಅವಳು ನಕ್ಕದ್ದು ಇದೇ ಮೊದಲು.

ಪೊಟ್ಟಣದಲ್ಲಿ ಇನ್ನೂ ಬೇರು ಕಾಣುತ್ತಿಲ್ಲ. ನಿಧಾನವಾಗಲಿ, ನನಗೇನೂ ಅವಸರವಿಲ್ಲ.

ಆಗಸ್ಟ್ 5, ಮಂಗಳವಾರ

ಅನುಮಾನ ಬಂದು ಪೊಟ್ಟಣ ಬಿಚ್ಚಿದೆ. ಬೇರಿನ ಸುಳಿವೇ ಇಲ್ಲ. ನಾನು ತೆಗೆದ ಸಿಪ್ಪೆಯ ಜಾಗದಲ್ಲಿ ಹೊಸ ಸಿಪ್ಪೆ ಬೆಳೆದು, ಮೇಲಿನದು ಕೆಳಗಿನದು ಕೂಡಿಕೊಂಡುಬಿಟ್ಟಿದೆ. ಕೊಂಬೆಗೆ ಏನೂ ಆಗೇ ಇಲ್ಲವೆಂಬಂತೆ ಇದೆ.

ನರ್ಸರಿಯಮ್ಮನನ್ನು ಕರೆತಂದು ತೋರಿಸಿದೆ. ಆಕೆ ಉಗುರಿನಿಂದ ಕೆರೆದು ನೋಡಿ, "ಯಾವುದರಲ್ಲಿ ತೆಗೆದ್ರಿ?" ಎಂದರು. ಕತ್ತಿ ತೋರಿಸಿದೆ.

"ಅದಕ್ಕೇ. ನೀವು ಗಡ್ಡ ಬೋಳಿಸಿದ ಹಾಗೆ ಬೋಳಿಸಿದೀರಿ. ಮೇಲಿನ ತೊಗಟೆ ಮಾತ್ರ ಹೋಗಿದೆ, ಒಳಗೆ ಜಾರೋ ಲೋಳೆ ಪದರ ಹಾಗೇ ಉಳ್ಕೊಂಡಿದೆ. ಅದು ಪೂರ್ತಿ ಹೋಗ್ಬೇಕು. ಬಿಳಿ ಕಟ್ಟಿಗೆ ಕಾಣೋ ತನಕ ಕೆರೀಬೇಕು. ಕೊಂಬೆಗೆ ಗಾಯ ಆಗಿದೆ ಅಂತ ಗೊತ್ತಾಗದಿದ್ರೆ ಅದು ಬೇರು ಯಾಕೆ ಬಿಡುತ್ತೆ?"

ಮೂವತ್ತು ವರ್ಷದಿಂದ ಚರ್ಮಕ್ಕೆ ತಾಗದಂತೆ ಕೂದಲು ತೆಗೆಯುವುದನ್ನೇ ಕಲಿತ ಕೈ ಇದು. ಒಂದು ಹನಿ ರಕ್ತ ಬಂದರೆ ಗಿರಾಕಿ ಮತ್ತೆ ಬರುವುದಿಲ್ಲ. ಆ ಕೈ ಮರದ ಮೇಲೂ ಅದನ್ನೇ ಮಾಡಿದೆ.

ಆಕೆ ಹೋದಮೇಲೆ ಮೆಟ್ಟಿಲ ಮೇಲೆ ಕೂತೆ. ಬೇಸರವಾಗಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು, ಲಾಟರಿ ಹೊಡೆದ ಹಾಗೆ. ಬೇರು ಬರುವತನಕ ಇವಳು ಬರುತ್ತಾಳೆ. ಬೇರು ಬರದಿದ್ದರೆ ಬರುತ್ತಲೇ ಇರುತ್ತಾಳೆ. ಅದೇ ಪಾಚಿ ಮತ್ತೆ ಮೆತ್ತಿ, ಮೇಲೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಕಟ್ಟಿದೆ. ಒಳಗೆ ಏನೂ ಕಾಣುವುದಿಲ್ಲ.

ಆಗಸ್ಟ್ 10, ಭಾನುವಾರ

ತುಂಬಾ ಒಳ್ಳೆಯ ದಿನ. ಇವತ್ತಿನದು ವಿವರವಾಗಿ ಬರೆಯಬೇಕು.

ಬೇಗ ಬಂದಳು. ಕೈಯಲ್ಲಿ ದೊಡ್ಡ ಚೀಲ. "ಏನು, ಅಕ್ಕ ಮನೆಯಿಂದ ಓಡಿಸಿಬಿಟ್ಲಾ?" ಎಂದೆ. ಸಣ್ಣಗೆ ನಕ್ಕು ಚೀಲವನ್ನು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಒಲೆಯ ಪಕ್ಕದ ಕಿಟಕಿ ಒರೆಸಿದಳು, ಜೇಡರ ಬಲೆ ತೆಗೆದಳು, ನನ್ನ ಪಾತ್ರೆ ತೊಳೆಯುವ ಚೆಂದ ನೋಡಿ ಎಲ್ಲವನ್ನೂ ಮತ್ತೊಮ್ಮೆ ತೊಳೆದಳು. ಸ್ಟವ್ವಿನ ಶಬ್ದ, ಬಳೆಯ ಶಬ್ದ. ನಾನು ಸುಮ್ಮನೆ ಬಾಗಿಲಿಗೆ ಒರಗಿ ನಿಂತಿದ್ದೆ. ಅಂಗಡಿ ಬೆಳಗ್ಗೆಯಿಂದಲೇ ತೆರೆದಿರಲಿಲ್ಲ.

ಆಮೇಲೆ ಹಿತ್ತಲಿಗೆ ಹೋದೆವು. ಸ್ಟೂಲು ಹತ್ತಿ ಕಪ್ಪು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಯಾಕೆ ಕಪ್ಪು ಸುತ್ತಿದೀರಿ?"

"ಬೆಳಕು ಬಿದ್ರೆ ಬೇರಿಗೆ ನಾಚಿಕೆಯಂತೆ."

"ಬೇರು ಬರ್ತಿದೆಯಾ?"

"ಬರ್ತಿದೆ ಬರ್ತಿದೆ. ಇನ್ನು ಸ್ವಲ್ಪ ದಿನ."

ಅವಳು ಪೊಟ್ಟಣ ಹಿಡಿದು ಹಾಗೇ ನಿಂತಿದ್ದಳು. ನನ್ನ ಮುಖ ನೋಡಿದಳು. "ನಿಜವಾಗ್ಲೂ?" ಎಂದಳು. "ನಾನು ಸುಳ್ಳು ಹೇಳೋನಾ?" ಎಂದೆ. ಇಳಿದು ಬಂದು ಕೈ ತೊಳೆದುಕೊಂಡಳು. ಸಂಜೆಯ ಬಸ್ಸಿಗೆ ಇನ್ನೂ ಸಮಯವಿತ್ತು, ಆದರೂ ತಲೆನೋವು ಎಂದು ಬೇಗ ಹೊರಟಳು. ಚೀಲ ಮರೆತು ಹೋಗುತ್ತಾಳೆಂದುಕೊಂಡೆ, ಮರೆಯಲಿಲ್ಲ.

ತಲೆನೋವೊಂದು ಇಲ್ಲದಿದ್ದರೆ ರಾತ್ರಿ ಊಟಕ್ಕೂ ಇರುತ್ತಿದ್ದಳೇನೋ.

ಆಗಸ್ಟ್ 17, ಭಾನುವಾರ

ಬಂದಳು. ಪೊಟ್ಟಣ ಮುಟ್ಟಲಿಲ್ಲ, ನೀರು ಮಾತ್ರ ಹಾಕಿದಳು. ಅಲ್ಲೊಂದು ಪುಟ್ಟ ಬಾಡಿಗೆ ಮನೆ ನೋಡಿದ್ದಾಳಂತೆ. ಮುಂದೆ ಒಂದಿಷ್ಟು ಮಣ್ಣಿನ ಜಾಗ ಇದೆಯಂತೆ. "ಈ ತಿಂಗಳೊಳಗೆ ಹೇಳಿಬಿಡಿ ಅಂತಿದಾರೆ" ಎಂದಳು.

"ಅವಸರ ಮಾಡ್ಬೇಡ" ಎಂದೆ.

"ಬೇರು ಹೇಗಿದೆ?"

"ಬರ್ತಿದೆ."

ಟೀ ಅರ್ಧ ಉಳಿಸಿ ಹೋದಳು.

ಆಗಸ್ಟ್ 23, ಶನಿವಾರ

ಬರೆಯಬೇಕೋ ಬೇಡವೋ ಗೊತ್ತಿಲ್ಲ.

ಸಂಜೆ ಅಂಗಡಿ ತುಂಬಿತ್ತು. ಮೀಸೆಯವರು ಕುರ್ಚಿಯಲ್ಲಿದ್ದರು. ಬಿಸಿನೀರು ಮುಗಿದಿತ್ತು, ತರಲು ಅಡುಗೆಮನೆಗೆ ಹೋದೆ. ನೀರು ಕಾಯುವವರೆಗೆ ಒಲೆಯ ಮುಂದೆ, ಇವಳು ಸದಾ ನಿಲ್ಲುತ್ತಿದ್ದ ಕಡೆ ನಿಂತಿದ್ದೆ. ಗೋಡೆಯಾಚೆಯಿಂದ ಮೀಸೆಯವರ ಮಾತು ಎದುರಿಗೆ ನಿಂತು ಆಡಿದಷ್ಟು ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಮಾತಿನ ಮಲ್ಲನ ಮನೇಲಿ ಎರಡಿತ್ತು ನೋಡಿ, ಹೂವಿಲ್ಲದ್ದು ಕಾಯಿಲ್ಲದ್ದು. ಒಂದು ಎದ್ದು ಹೋಯ್ತು. ಅದು ಹೋಗಿದ್ದೇ ತಡ, ಇನ್ನೊಂದು ಹೂ ಬಿಡ್ತು. ದೋಷ ಯಾವುದರಲ್ಲಿತ್ತು ಈಗ ಹೇಳಿ."

ಎಲ್ಲರೂ ನಕ್ಕರು. ನಗು ಗೋಡೆಗೆ ಬಡಿದು, ಮೇಲಿಟ್ಟ ತಟ್ಟೆಗಳು ಸಣ್ಣಗೆ ಕಂಪಿಸಿದವು. ಇಪ್ಪತ್ತು ವರ್ಷ ನಾನು ಆಚೆ ಕಡೆ ನಿಂತು ಈ ನಗು ಎಬ್ಬಿಸಿದ್ದೇನೆ. ಈಚೆ ಕಡೆ ತಟ್ಟೆ ಅಲುಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನೀರು ಉಕ್ಕಿತು. ತೆಗೆದುಕೊಂಡು ಹೋಗಿ ಮೀಸೆಯವರ ಕ್ಷೌರ ಮುಗಿಸಿದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಮಾತು ನನ್ನದೇ, ರಾಗವೂ ನನ್ನದೇ, ಅವರು ಎರಡು ಸಾಲು ಮುಂದುವರಿಸಿದ್ದಾರೆ, ಅಷ್ಟೆ. "ಏನಪ್ಪಾ, ಇವತ್ತು ಬಾಯಿಗೆ ಬೀಗ ಹಾಕ್ಕೊಂಡಿದೀಯ?" ಎಂದರು. ಹಲ್ಲುನೋವು ಎಂದೆ. ಬಾಗಿಲು ಹಾಕಿದ ಮೇಲೆ ಆ ಒಲೆಯ ಮುಂದೆಯೇ ನಿಂತು ಅತ್ತೆ.

ಆಗಸ್ಟ್ 24, ಭಾನುವಾರ

ಹೇಳಿಬಿಟ್ಟೆ. ಅವಳು ಬಕೆಟ್ಟು ಕೆಳಗಿಡುವ ಮೊದಲೇ.

"ಬೇರು ಬಂದಿಲ್ಲ. ನಾನು ಸರಿಯಾಗಿ ಕೆರೆದಿರಲಿಲ್ಲ, ಸಿಪ್ಪೆ ಕೂಡ್ಕೊಂಡುಬಿಟ್ಟಿದೆ. ನನಗೆ ಮೂರು ವಾರದಿಂದ ಗೊತ್ತು. ನೀನು ಬರೋದು ನಿಂತುಹೋಗುತ್ತೆ ಅಂತ ಹೇಳ್ಲಿಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. "ನನಗೂ ಗೊತ್ತಿತ್ತು" ಎಂದಳು.

"ಹೇಗೆ?"

"ಬೇರು ಬಂದಿದ್ರೆ ಪೊಟ್ಟಣ ಗಟ್ಟಿ ಇರುತ್ತೆ. ಮೆತ್ತಗಿತ್ತು. ಅವತ್ತು ಹಿಡಿದಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವಾಗೇ ಹೇಳ್ತೀರೇನೋ ಅಂತ. ಎರಡು ಸಲ ಕೇಳಿದೆ. ಆಮೇಲಿನ ವಾರ ಮತ್ತೆ ಕೇಳಿದೆ."

ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳು ಮರದ ಕಡೆ ನೋಡುತ್ತಾ, ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು.

"ಅವತ್ತು ದೊಡ್ಡ ಚೀಲ ತಂದಿದ್ನಲ್ಲ. ಅದರಲ್ಲಿ ನನ್ನ ಬಟ್ಟೆ ಇತ್ತು. ವಾಪಸ್ ಬಂದುಬಿಡೋಣ ಅಂತ ಅಕ್ಕನಿಗೂ ಹೇಳಿ ಬಂದಿದ್ದೆ. ಯಾಕೆ ಕಪ್ಪು ಸುತ್ತಿದೀರಿ ಅಂದೆ, ಬೇರಿಗೆ ನಾಚಿಕೆ ಅಂದ್ರಿ. ನಿಜವಾಗ್ಲೂ ಅಂದೆ, ನಾನು ಸುಳ್ಳು ಹೇಳೋನಾ ಅಂದ್ರಿ. ಇನ್ನು ಇಪ್ಪತ್ತು ವರ್ಷ ಇದನ್ನೇ ಕೇಳ್ಬೇಕಲ್ಲ ಅನ್ಸ್ತು. ಆ ಚೀಲಾನ ಹಾಗೇ ಹೊತ್ಕೊಂಡು ಹೋದೆ."

"ಈಗ ಹೇಳಿದೆನಲ್ಲ" ಎಂದೆ.

"ಹೌದು, ಈಗ ಹೇಳಿದ್ರಿ" ಎಂದಳು. "ನಾನು ಮೊನ್ನೆ ಮನೆಗೆ ಮುಂಗಡ ಕೊಟ್ಟುಬಿಟ್ಟೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕಾಲಿಗೆ ಬೀಳಬಹುದಿತ್ತು.

ಆಗಸ್ಟ್ 29, ಶುಕ್ರವಾರ

ಆ ಚೀಲ ಅಡುಗೆಮನೆಯ ಮೂಲೆಯಲ್ಲಿತ್ತು. ಅರ್ಧ ದಿನ ಇತ್ತು.

ಸೆಪ್ಟೆಂಬರ್ 7, ಭಾನುವಾರ

ಮತ್ತೆ ಗೂಟಿ ಕಟ್ಟಿದೆವು. ಬೇರೆ ಕೊಂಬೆ. ಅವಳು ಕೊಂಬೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಳು, ನಾನು ಸ್ಟೂಲಿನ ಮೇಲೆ. ಕ್ಷೌರದ ಕತ್ತಿ ಬೇಡವೆಂದು ನರ್ಸರಿಯಮ್ಮನ ಹತ್ತಿರ ಒರಟು ಚಾಕು ಕೇಳಿ ತಂದಿದ್ದೆ.

ಸಿಪ್ಪೆ ಸುಲಿದ ಮೇಲೆ ಒಳಗಿನ ಹಸಿರು ಲೋಳೆ ಕೆರೆಯಬೇಕು. ಚಾಕು ಒತ್ತುವಾಗ ಕೈ ತಾನಾಗಿ ಹಗುರಾಗುತ್ತಿತ್ತು. ನಿಲ್ಲಿಸಿದೆ. "ಒತ್ತಿ" ಎಂದಳು ಕೆಳಗಿನಿಂದ. ಒತ್ತಿದೆ. ಮರದ ರಸ ಬೆರಳಿಗೆ ಅಂಟಿತು. "ಇನ್ನೂ ಇದೆ ಅಲ್ಲಿ, ಹಿಂಭಾಗದಲ್ಲಿ" ಎಂದಳು. ಬಿಳಿ ಕಟ್ಟಿಗೆ ಕಾಣುವವರೆಗೆ ಸುತ್ತಲೂ ಕೆರೆದೆ. ಅವಳ ಕೈಮೇಲೆಲ್ಲ ಸಿಪ್ಪೆಯ ಚೂರು ಬಿದ್ದಿತ್ತು. ಒರೆಸಲು ಕೈ ಬಿಡುವಂತಿರಲಿಲ್ಲ, ನಾನೂ ಒರೆಸಲಿಲ್ಲ.

ಪಾರದರ್ಶಕ ಪ್ಲಾಸ್ಟಿಕ್ಕನ್ನೇ ಸುತ್ತಿದೆ.

ಸೆಪ್ಟೆಂಬರ್ 30, ಮಂಗಳವಾರ

ಪಾಚಿ ಒಣಗಿದಂತೆ ಕಂಡಿತು. ಇಂಜೆಕ್ಷನ್ ಸೂಜಿಯಿಂದ ಸ್ವಲ್ಪ ನೀರು ಒಳಗೆ ಬಿಟ್ಟೆ.

ಅಕ್ಟೋಬರ್ 19, ಭಾನುವಾರ

ಬೇರು ಬಂದಿದೆ. ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು ಬೆಳ್ಳಗೆ ಒಂದು, ಅದರ ಪಕ್ಕದಲ್ಲಿ ಇನ್ನೊಂದು. ಮೊದಲು ಕಂಡದ್ದು ನನಗೇ, ಗುರುವಾರ. ಆಗಲೇ ಅಂಗಡಿಯಿಂದ ಫೋನು ಮಾಡಿ ಹೇಳಿದೆ. ಆಚೆ ಕಡೆ ಹೊಲಿಗೆ ಯಂತ್ರಗಳ ಗದ್ದಲ. ಭಾನುವಾರ ಬಂದು ನೋಡ್ತೀನಿ ಎಂದಳು.

ಇವತ್ತು ಬಂದು ನೋಡಿ, ಬೆರಳಿನಿಂದ ಪ್ಲಾಸ್ಟಿಕ್ಕಿನ ಮೇಲೆ ಆ ಬೇರು ಹೋದ ದಾರಿಯನ್ನೇ ಎಳೆದಳು.

ನವೆಂಬರ್ 8, ಶನಿವಾರ

ಮೀಸೆಯವರು ಇತ್ತೀಚೆಗೆ ಎದುರು ಬೀದಿಯ ಅಂಗಡಿಗೆ ಹೋಗುತ್ತಾರಂತೆ. ಇಲ್ಲಿ ಬಂದರೆ ಬರೀ ಕತ್ತರಿ ಸದ್ದು, ಆಸ್ಪತ್ರೆಯಲ್ಲಿ ಕೂತ ಹಾಗಾಗುತ್ತದೆ ಎಂದರಂತೆ. ನನಗೆ ಅರ್ಥವಾಗಲಿಲ್ಲ. ನಾನು ಮೊದಲಿನ ಹಾಗೇ ಇದ್ದೇನೆ. ಕೆಲಸ ಜಾಸ್ತಿ, ಅಷ್ಟೆ.

ಇವತ್ತು ಒಬ್ಬ ಗಿರಾಕಿ ತನ್ನ ಹೆಂಡತಿಯ ಮೇಲೆ ಏನೋ ತಮಾಷೆ ಶುರುಮಾಡಿದ. ಒಲೆಯ ಮೇಲೆ ನೀರಿದೆ ಎಂದು ಎದ್ದುಹೋದೆ. ಒಲೆ ಹಚ್ಚೇ ಇರಲಿಲ್ಲ.

ನವೆಂಬರ್ 16, ಭಾನುವಾರ

ಗೂಟಿಯ ಕೆಳಗೆ ಕೊಂಬೆಯನ್ನು ಅರ್ಧ ಕತ್ತರಿಸಿದೆ. ಒಂದೇ ಸಲ ಕತ್ತರಿಸಿದರೆ ತಡೆದುಕೊಳ್ಳುವುದಿಲ್ಲವಂತೆ. ಎರಡು ವಾರ ಅರ್ಧ ಮರದ ಊಟ, ಅರ್ಧ ತನ್ನದು. ಅವಳು ಬಂದಿದ್ದಳು. ಒಂದು ಎಲೆಯೂ ಬಾಡಲಿಲ್ಲ.

ನವೆಂಬರ್ 30, ಭಾನುವಾರ

ಉಳಿದ ಅರ್ಧವನ್ನೂ ಕತ್ತರಿಸಿದೆ. ಅವಳು ಕೆಳಗೆ ಕೈಚಾಚಿ ನಿಂತಿದ್ದಳು. ಕೊಂಬೆ ಅವಳ ಕೈಗೆ ಬಂತು. ಎಲೆಗಳನ್ನು ಅರ್ಧರ್ಧ ಕತ್ತರಿಸಿ, ಪ್ಲಾಸ್ಟಿಕ್ ಬಿಚ್ಚಿ, ಕುಂಡದಲ್ಲಿ ಕೂರಿಸಿದೆವು. ಒಂದೂವರೆ ತಿಂಗಳು ನೆರಳಿನಲ್ಲಿರಬೇಕು. ಅವಳು ಹೊಸ ಮನೆಗೆ ಸಾಮಾನು ಸಾಗಿಸುತ್ತಿದ್ದಾಳೆ, ಇನ್ನು ಬರಲು ಬಿಡುವಿಲ್ಲ. "ನೀವೇ ನೋಡ್ಕೊಳ್ಳಿ" ಎಂದು ಹೇಳಿ ಹೋದಳು.

ಡಿಸೆಂಬರ್ 12, ಶುಕ್ರವಾರ

ಎರಡು ಎಲೆ ಹಳದಿಯಾಗಿ ಉದುರಿದವು. ಹೆದರಿ ಕುಂಡವನ್ನು ಎತ್ತಿಕೊಂಡು ನರ್ಸರಿಗೆ ನಡೆದೆ. ಹಳೆ ಎಲೆ, ಏನೂ ಆಗಲ್ಲ ಎಂದರು ಆಕೆ. ತುದಿಯ ಮೊಳಕೆ ತೋರಿಸಿದರು. ಬರುವಾಗ ಕುಂಡಕ್ಕೆ ಬಿಸಿಲು ಬೀಳದಂತೆ ಅಂಗಡಿಯ ಟವೆಲ್ಲು ಹೊದೆಸಿಕೊಂಡು ಬಂದೆ. ಬೀದಿಯವರು ನೋಡಿದರು. ನೋಡಲಿ.

ಈ ಗಿಡ ಸತ್ತರೆ ಅವಳು ಮತ್ತೆ ಬರುತ್ತಾಳೆಂಬ ಯೋಚನೆ ಮನೆಗೆ ಬಂದಮೇಲೆ ಬಂತು. ದಾರಿಯಲ್ಲಿ ಬಂದಿರಲಿಲ್ಲ.

ಡಿಸೆಂಬರ್ 28, ಭಾನುವಾರ

ಹೊಸ ಚಿಗುರು. ಫೋನು ಮಾಡಿ ಹೇಳಿದೆ. ಹನ್ನೊಂದನೇ ತಾರೀಖು ತರಬಹುದೇ ಎಂದಳು. ಗುಂಡಿ ತೋಡುವವರು ಯಾರೂ ಸಿಕ್ಕಿಲ್ಲವಂತೆ. ನಾನೇ ತೋಡಿಕೊಡುತ್ತೇನೆ ಎಂದೆ.

ಜನವರಿ 11, ಭಾನುವಾರ

ಹಳೆಯ ವರ್ಷದ ಡೈರಿ ಮುಗಿದಿದೆ, ಕೊನೆಯಲ್ಲಿ ವಿಳಾಸಗಳಿಗೆಂದು ಬಿಟ್ಟ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಬರೆದಿಡಲು ವಿಳಾಸಗಳೂ ಇರಲಿಲ್ಲ.

ಬಸ್ಸಿನಲ್ಲಿ ಕುಂಡವನ್ನು ಮಡಿಲಲ್ಲೇ ಇಟ್ಟುಕೊಂಡೆ. ಅವಳ ಮನೆ ಚಿಕ್ಕದು, ಅಚ್ಚುಕಟ್ಟಾಗಿದೆ. ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಆಚೆ ಬೇರೆ ಕೋಣೆಯಿಲ್ಲ, ಬಯಲು. ಕಿಟಕಿ ತೆರೆದರೆ ದೂರದ ಆಟದ ಮೈದಾನ ಕಾಣುತ್ತದೆ. ಟೀ ಕೊಟ್ಟಳು. ಕೂತು ಕುಡಿಯಿರಿ ಎಂದಳು, ಅಂಗಿ ಕೊಳೆಯಾಗುವ ಮೊದಲೇ ಕುಡಿದುಬಿಡೋಣ ಎಂದು ಕೂತೆ.

ಮಧ್ಯಾಹ್ನ ಗುಂಡಿ ತೋಡಿದೆ. ನೆಲ ಗಟ್ಟಿಯಿತ್ತು, ಗಾರೆ ಚೂರು, ಇಟ್ಟಿಗೆ. ಎಲ್ಲ ಆರಿಸಿ ತೆಗೆದು, ಗೊಬ್ಬರ ಬೆರೆಸಿ, ಬೇರಿನ ಮುದ್ದೆ ಒಡೆಯದಂತೆ ಗಿಡ ಇಳಿಸಿದೆ. ಅವಳು ನೆಟ್ಟಗೆ ನಿಲ್ಲಿಸಿ ಹಿಡಿದಳು. ಮಣ್ಣು ತುಂಬಿ ಮೊಣಕಾಲೂರಿ ಕೂತು ಸುತ್ತಲೂ ಒತ್ತಿದೆ. ಆಸರೆಗೆ ಕೋಲು ನೆಟ್ಟು ಸಡಿಲವಾಗಿ ಕಟ್ಟಿದೆ. ಕಾಂಡ ದಪ್ಪವಾಗುವಾಗ ದಾರ ಕೊರೆಯಬಾರದು.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿದರು. ನನ್ನ ಕೆಸರಾದ ಕೈ ಕಾಲು ನೋಡಿ, "ನರ್ಸರಿಯವರಾ?" ಎಂದರು.

ನಾನು ಇವಳನ್ನು ನೋಡಿದೆ. ಇವಳು ಕೈಯಲ್ಲಿದ್ದ ದಾರದ ಉಂಡೆ ನೋಡುತ್ತಿದ್ದಳು.

"ಹೌದಮ್ಮ" ಎಂದೆ.

"ಚೆನ್ನಾಗಿ ನೆಟ್ಟಿದೀರಿ. ನಮ್ಮನೆ ಮುಂದೆಯೂ ಒಂದು ನೆಡಿಸ್ಬೇಕು ಅಂತ ಬಹಳ ದಿನದಿಂದ ಇದೆ. ಮುಂದಿನ ವಾರ ಬರ್ತೀರಾ?"

"ಇಲ್ಲಮ್ಮ. ಇಲ್ಲಿ ನನ್ನ ಕೆಲಸ ಮುಗೀತು."

ಆಕೆ ತಲೆಯಾಡಿಸಿ ಒಳಗೆ ಹೋದರು. ಇವಳು ಬಕೆಟ್ಟು ಎತ್ತಿಕೊಂಡು ಗಿಡದ ಬುಡಕ್ಕೆ ನೀರು ಹಾಕತೊಡಗಿದಳು. ತಂಬಿಗೆ ಮೇಲೆ ತಂಬಿಗೆ. ಪಾತಿ ತುಂಬಿ ನೀರು ನನ್ನ ಕಾಲ ಹತ್ತಿರ ಹರಿದು ಬಂತು, ಆದರೂ ನಿಲ್ಲಿಸಲಿಲ್ಲ. ಮುಖ ಅತ್ತ ಕಡೆ ತಿರುಗಿಸಿದ್ದಳು. ಭುಜ ಮಾತ್ರ ಕಾಣುತ್ತಿತ್ತು.

ನಾನು ಎದ್ದು ಹತ್ತಿರ ಹೋಗಿ ತಂಬಿಗೆ ಹಿಡಿದುಕೊಂಡೆ.

"ಸಾಕು ಬಿಡು" ಎಂದೆ. "ಹೆಚ್ಚಾದ್ರೆ ಬೇರು ಕೊಳೆತುಹೋಗುತ್ತೆ."